ಬೋರಿಗೆ ಬಂದ ಇಂಜಿನ್

ಮಾನ್ವಿ ಸುತ್ತಲಿನ ಹೊಲಗಳಿಗೆ ನೆಲ್ಲು ಕೊಯ್ಯುವ ಯಂತ್ರಗಳು ಇಳಿದರೆ ರಾಯಚೂರು–ಸಿಂಧನೂರು ರಸ್ತೆಯ ಗಾಳಿಯ ಬಣ್ಣವೇ ಬದಲಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತದ ಹೊಟ್ಟು, ಒಣಹುಲ್ಲಿನ ಪುಡಿ, ಟ್ರ್ಯಾಕ್ಟರ್ ಗಾಲಿ ಎಬ್ಬಿಸಿದ ಎರಿ ಮಣ್ಣು ಎಲ್ಲ ಒಂದಾಗಿ ಬಿಸಿಲಿನಲ್ಲಿ ತೇಲುತ್ತಿರುತ್ತವೆ. ಬೈಕ್ ಓಡಿಸುವವರು ಮುಖಕ್ಕೆ ಟವೆಲ್ ಸುತ್ತಿಕೊಂಡು ಪಾರಾಗುತ್ತಾರೆ. ಅವರು ಕುಳಿತಿರುವ ಬೈಕಿನ ಇಂಜಿನ್ ಅದೇ ಗಾಳಿಯನ್ನು ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು ಎಳೆದುಕೊಳ್ಳುತ್ತಿರುತ್ತದೆ.

ಎಷ್ಟು ಪಟ್ಟು ಎಂದು ಲೆಕ್ಕ ಹಾಕಬಹುದು. ಈ ಭಾಗದ ಹಳ್ಳಿಹಳ್ಳಿಯಲ್ಲೂ ಕಾಣುವ ಹಳೆಯ ಸ್ಪ್ಲೆಂಡರ್ ಬೈಕಿನ ಸಿಲಿಂಡರ್ ವ್ಯಾಸ 50 ಮಿ.ಮೀ., ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ 49.5 ಮಿ.ಮೀ. ಇದರಿಂದ ಬರುವ ಗಾತ್ರ 97.2 ಘನ ಸೆಂಟಿಮೀಟರ್. ನಾಲ್ಕು ಸ್ಟ್ರೋಕಿನ ಇಂಜಿನ್ ಎರಡು ಸುತ್ತಿಗೊಮ್ಮೆ ಗಾಳಿ ಎಳೆಯುತ್ತದೆ. ನಿಮಿಷಕ್ಕೆ 5,000 ಸುತ್ತು ತಿರುಗುವಾಗ 2,500 ಸಲ ಎಳೆದಂತಾಯಿತು. ಪ್ರತಿ ಸಲವೂ ಸಿಲಿಂಡರ್ ಪೂರ್ತಿ ತುಂಬಿದರೆ ನಿಮಿಷಕ್ಕೆ ಸುಮಾರು 240 ಲೀಟರ್. ಎಕ್ಸಿಲೇಟರ್ ಅರ್ಧ ಮಾತ್ರ ಕೊಟ್ಟಿದ್ದೇವೆಂದು ಅದರ ಅರ್ಧವನ್ನೇ ಹಿಡಿದರೂ 120 ಲೀಟರ್. ಸುಮ್ಮನೆ ಕುಳಿತ ಮನುಷ್ಯ ನಿಮಿಷಕ್ಕೆ ಉಸಿರಾಡುವುದು ಆರೆಂಟು ಲೀಟರ್ ಅಷ್ಟೆ. ಮುಂದಿನ ಗಾಡಿ ಕಾಣದಷ್ಟು ಧೂಳೆದ್ದಾಗ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚುಕಡಿಮೆ ಒಂದು ಗ್ರಾಂ ಧೂಳಿರುತ್ತದೆ. ಫಿಲ್ಟರ್ ಇಲ್ಲದೆ ಅಂಥ ಗಾಳಿಯಲ್ಲಿ ಒಂದು ಗಂಟೆ ಓಡಿದರೆ ಏಳು ಗ್ರಾಂ ಮಣ್ಣು ನೇರವಾಗಿ ಇಂಜಿನ್ನಿನ ಹೊಟ್ಟೆಗೆ ಹೋಗುತ್ತದೆ.

ವಿದೇಶಗಳಲ್ಲಿ ಇಂಥ ಮಣ್ಣಿನಲ್ಲಿ ಓಡಿಸಲೆಂದೇ ಡರ್ಟ್ ಬೈಕುಗಳನ್ನು ಕಟ್ಟುತ್ತಾರೆ. ಕೆಲವು ಮೋಟೊಕ್ರಾಸ್ ಬೈಕುಗಳ ಕೈಪಿಡಿಯಲ್ಲಿ ಪಿಸ್ಟನ್ ಬದಲಿಸುವ ಅವಧಿಯನ್ನು ಕಿಲೋಮೀಟರಿನಲ್ಲಿ ಬರೆದಿರುವುದಿಲ್ಲ, ಗಂಟೆಯಲ್ಲಿ ಬರೆದಿರುತ್ತಾರೆ. ರೇಸಿಗೆ ಬಳಸಿದರೆ ಹದಿನೈದು ಗಂಟೆಗೊಮ್ಮೆ ಎಂದು ಹೇಳುವ ಕೈಪಿಡಿಯೂ ಇದೆ. ದೇವದುರ್ಗದ ಹಳ್ಳಿಯಿಂದ ಕಾಲುವೆ ಏರಿಯ ಮೇಲೆ ಹಾದು, ಹೊಲದ ಬದುವಿನಲ್ಲಿ ಗೊಬ್ಬರದ ಚೀಲ ಹೊತ್ತು ಹೋಗುವ ನೂರು ಸಿ.ಸಿ. ಬೈಕಿಗೆ ಆ ಭಾಗ್ಯವಿಲ್ಲ. ಕೆಲಸ ಡರ್ಟ್ ಬೈಕಿನದು, ಆರೈಕೆ ಪೇಟೆಯ ಬೈಕಿನದು. ಈ ಭಾಗದ ಇಂಜಿನ್ನುಗಳನ್ನು ಓಡಿದ ದೂರಕ್ಕಿಂತ ಹೆಚ್ಚಾಗಿ ಕುಡಿದ ಧೂಳೇ ಸವೆಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಧೂಳು ಬಂದ ದಾರಿ ಹುಡುಕದೆ ಎಷ್ಟು ಸಲ ಬೋರ್ ಮಾಡಿಸಿದರೂ, ಅಂದರೆ ಸವೆದ ಸಿಲಿಂಡರನ್ನು ಕೊರೆಯಿಸಿದರೂ, ಹಣ ಮಣ್ಣಿಗೆ ಹೋಗುತ್ತದೆ.

ರಾಯಚೂರಿನ ಯಾವ ಗ್ಯಾರೇಜಿನ ಮುಂದೆ ನಿಂತರೂ ಇಂಥ ಮಾತು ಕಿವಿಗೆ ಬೀಳುತ್ತದೆ.

“ಉಸ್ತಾದ್, ಗಾಡಿ ಹೊಗಿ ಬಿಡ್ಲಿಕತ್ತದ. ಏರಿನ್ಯಾಗ ಎಳಿಯಂಗೇ ಇಲ್ಲ.”

“ಆಯಿಲ್ ಕಡಿಮಿ ಆಗ್ತದೇನು ಕಾಕಾ?”

“ಹದಿನೈದು ದಿನಕ್ಕೊಮ್ಮಿ ಹಾಕೇ ಹಾಕ್ತೀನಿ.”

“ಹಂಗಾದ್ರ ಬೋರಿಗೆ ಬಂದದ. ಹಾಫ್ ಇಂಜಿನ್ ಬಿಚ್ಚಬೇಕ್ರಿ.”

ಹಾಫ್ ಇಂಜಿನ್ ಅಂದರೆ ಮೇಲಿನ ಅರ್ಧ. ವಾಲ್ವುಗಳೂ ಕ್ಯಾಮೂ ಕೂತಿರುವ ಹೆಡ್, ಅದರ ಕೆಳಗಿನ ಬ್ಲಾಕ್, ಬ್ಲಾಕಿನೊಳಗಿನ ಪಿಸ್ಟನ್ ಮತ್ತು ರಿಂಗುಗಳು. ಕ್ರ್ಯಾಂಕ್, ಕ್ಲಚ್, ಗೇರುಗಳಿರುವ ಕೆಳಗಿನ ಅರ್ಧವನ್ನು ಮುಟ್ಟುವುದಿಲ್ಲ. 1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೊ ನಡೆಸಿ ತೋರಿಸಿದ ನಾಲ್ಕು ಹಂತಗಳು, ಅಂದರೆ ಎಳೆದುಕೊಳ್ಳುವುದು, ಒತ್ತುವುದು, ಉರಿಸುವುದು, ಹೊರಹಾಕುವುದು, ನಡೆಯುವುದೆಲ್ಲ ಈ ಮೇಲಿನ ಅರ್ಧದಲ್ಲೇ. ಹಾಗಾಗಿ ಬೆಂಕಿ, ಒತ್ತಡ, ಧೂಳು ಮೂರೂ ಮೊದಲು ತಿನ್ನುವುದು ಇದನ್ನೇ.

ಒತ್ತಡ ಎಷ್ಟೆಂಬುದನ್ನು ನೋಡಿ. ಒಳಬಂದ ಪೆಟ್ರೋಲ್–ಗಾಳಿ ಒಂಬತ್ತನೆಯ ಒಂದು ಭಾಗಕ್ಕೆ ಕುಗ್ಗಿದಾಗ, ಬೆಂಕಿ ಹೊತ್ತುವ ಮೊದಲೇ ಅದರ ಬಿಸಿ 350ರಿಂದ 400 ಡಿಗ್ರಿಗೆ ಏರಿರುತ್ತದೆ. ಪ್ಲಗ್ಗಿನ ಕಿಡಿ ತಗುಲಿದ ಮೇಲೆ ಅನಿಲದ ಬಿಸಿ 2,000 ಡಿಗ್ರಿ ದಾಟುತ್ತದೆ. ಪೂರ್ತಿ ಎಕ್ಸಿಲೇಟರ್ ಕೊಟ್ಟಾಗ ಒತ್ತಡ ಚದರ ಸೆಂಟಿಮೀಟರಿಗೆ 40 ಕೆ.ಜಿ. ಆಸುಪಾಸಿಗೆ ಬರುತ್ತದೆ. 50 ಮಿ.ಮೀ. ಪಿಸ್ಟನ್ನಿನ ನೆತ್ತಿಯ ವಿಸ್ತೀರ್ಣ ಸುಮಾರು 20 ಚದರ ಸೆಂಟಿಮೀಟರ್. ರಾಯಚೂರಿನ ಗಂಜ್‌ನಲ್ಲಿ ಭತ್ತ ತೂಗುವ 75 ಕೆ.ಜಿ. ಚೀಲದ ಲೆಕ್ಕದಲ್ಲಿ ಹತ್ತು ಚೀಲಕ್ಕೂ ಮಿಕ್ಕ ಭಾರ ಆ ಪುಟ್ಟ ತಟ್ಟೆಯ ಮೇಲೆ ಸೆಕೆಂಡಿಗೆ ನಲವತ್ತು ಸಲ ಬಿದ್ದಂತೆ.

ಇಷ್ಟು ಒತ್ತಡ ಸೋರದಂತೆ ತಡೆಯುವುದು ಒಂದೆರಡು ಮಿಲಿಮೀಟರ್ ದಪ್ಪದ ರಿಂಗು. ಒಂದು ಕಡೆ ಸೀಳಿರುವ ಲೋಹದ ಈ ಬಳೆಯನ್ನು 1850ರ ದಶಕದಲ್ಲಿ ಇಂಗ್ಲೆಂಡಿನ ರೈಲ್ವೆ ಎಂಜಿನಿಯರ್ ಜಾನ್ ರ‍್ಯಾಮ್ಸ್‌ಬಾಟಮ್ ಉಗಿಯಂತ್ರಕ್ಕಾಗಿ ಮಾಡಿದ. ರಿಂಗು ತನ್ನ ಸ್ಪ್ರಿಂಗ್ ಗುಣದಿಂದಲೇ ಸಿಲಿಂಡರಿನ ಗೋಡೆಗೆ ಒತ್ತಿಕೊಂಡು ಒತ್ತಡ ತಡೆಯುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಆ ಒತ್ತು ಬಹಳ ಸಣ್ಣದು, ಅಷ್ಟೇ ಸಾಲದು. ನಿಜವಾದ ಕೆಲಸ ಮಾಡುವುದು ಉರಿದ ಅನಿಲವೇ. ರಿಂಗು ಕೂತಿರುವ ತೋಡಿನೊಳಗೆ ನುಗ್ಗಿ, ಅದರ ಬೆನ್ನಿನ ಹಿಂದೆ ತುಂಬಿಕೊಂಡು, ಅದನ್ನು ಗೋಡೆಗೆ ಒತ್ತುತ್ತದೆ. ಒತ್ತಡ ಎಷ್ಟು ಹೆಚ್ಚೋ ಮುದ್ರೆ ಅಷ್ಟು ಬಿಗಿ. ಈ ಏರ್ಪಾಡು ನಡೆಯಬೇಕಾದರೆ ಗೋಡೆ ದುಂಡಗೂ ನೇರವಾಗಿಯೂ ಇರಬೇಕು, ರಿಂಗು ಸುತ್ತಲೂ ಸಮನಾಗಿ ಅಂಟಬೇಕು. ಸವೆದ ಸಿಲಿಂಡರಿನಲ್ಲಿ ಅದಾಗುವುದಿಲ್ಲ. ಅನಿಲ ಕೆಳಕ್ಕೆ ಸೋರುತ್ತದೆ, ಆಯಿಲ್ ಮೇಲಕ್ಕೆ ಏರಿ ಉರಿಯುತ್ತದೆ. ಕಾಕಾನ ಗಾಡಿ ಬಿಡುತ್ತಿದ್ದ ನೀಲಿ ಹೊಗೆ ಅದೇ.

ಆದರೆ ನೀಲಿ ಹೊಗೆ ಕಂಡಕೂಡಲೇ ಬೋರ್ ಎಂದು ತೀರ್ಮಾನಿಸುವುದು ಆತುರ. ಎಕ್ಸಿಲೇಟರ್ ಬಿಟ್ಟು ಇಳಿಜಾರಿನಲ್ಲಿ ಬಂದು, ಮತ್ತೆ ಕೊಟ್ಟಾಗ ಒಮ್ಮೆ ಭುಸ್ಸೆಂದು ಹೊಗೆ ಬಂದು ನಿಂತರೆ ತಪ್ಪು ಸಾಮಾನ್ಯವಾಗಿ ವಾಲ್ವ್ ಸೀಲಿನದು. ಅದೊಂದು ಸಣ್ಣ ರಬ್ಬರ್ ಟೊಪ್ಪಿಗೆ. ಎಳೆತದಲ್ಲಿದ್ದಾಗಲೆಲ್ಲ ಬಿಡದೆ ಹೊಗೆ ಬಂದರೆ ಮಾತ್ರ ರಿಂಗಿನ ಮೇಲೆ ಅನುಮಾನ ಪಡಬೇಕು. ಇದನ್ನು ಬಿಚ್ಚದೆಯೇ ಪರೀಕ್ಷಿಸುವ ಹಳೆಯ, ಒಳ್ಳೆಯ ಉಪಾಯವಿದೆ. ಪ್ಲಗ್ ತೆಗೆದು ಕಂಪ್ರೆಶನ್ ಗೇಜ್ ಹಚ್ಚಿ ಕಿಕ್ ಹೊಡೆದು ಒತ್ತಡ ಬರೆದುಕೊಳ್ಳುವುದು. ಆಮೇಲೆ ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯುವುದು. ಆಯಿಲ್ ರಿಂಗಿನ ಸುತ್ತ ಹರಡಿ ಸಂದು ಮುಚ್ಚುತ್ತದೆ. ಒತ್ತಡ ಏರಿದರೆ ದೋಷ ರಿಂಗು–ಬೋರಿನದು. ಏರದಿದ್ದರೆ ಸೋರುತ್ತಿರುವುದು ವಾಲ್ವು, ಬ್ಲಾಕ್ ಇಳಿಸುವ ಅಗತ್ಯವೇ ಇಲ್ಲದಿರಬಹುದು. ಐದು ನಿಮಿಷದ ಕೆಲಸ. ಗಿರಾಕಿ ಕೇಳುವುದಿಲ್ಲವಾದ್ದರಿಂದ ಹಲವು ಕಡೆ ಮಾಡುವುದಿಲ್ಲ.

ಸರಿ, ಬಿಚ್ಚಲೇಬೇಕು ಎಂದಾಯಿತು. ಇಂಜಿನ್ ತಣ್ಣಗಾಗಿರಬೇಕು, ಬಿಸಿ ಅಲ್ಯೂಮಿನಿಯಂ ಹೆಡ್ಡಿನ ನಟ್ಟುಗಳನ್ನು ಸಡಿಲಿಸಿದರೆ ಹೆಡ್ ಡೊಂಕಾಗುವ ಅಪಾಯವಿದೆ. ಮ್ಯಾಗ್ನೆಟ್ಟಿನ ಮೇಲಿನ ಗುರುತನ್ನು ಕವಚದ ಗುರುತಿಗೆ ತಂದು, ಕ್ಯಾಮಿನ ಹಲ್ಲುಚಕ್ರ ಕಳಚಿ, ಟೈಮಿಂಗ್ ಚೈನ್ ಒಳಗೆ ಬೀಳದಂತೆ ತಂತಿಯಲ್ಲಿ ಕಟ್ಟಿಟ್ಟು, ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಡಿಸಬೇಕು. ಹೆಡ್ ಮೇಲೆದ್ದ ಕೂಡಲೇ ಪಾನಾ ಕೆಳಗಿಟ್ಟು ಪಿಸ್ಟನ್ನಿನ ನೆತ್ತಿಯನ್ನು ನೋಡಬೇಕು. ಎಲ್ಲ ಕಡೆ ಕಪ್ಪು ಇಂಗಾಲ ಕಟ್ಟಿದ್ದು, ಅಂಚಿನಲ್ಲಿ ಮಾತ್ರ ತೊಳೆದಂತೆ ಲೋಹ ಕಾಣುತ್ತಿದ್ದರೆ ಆಯಿಲ್ ಆ ಸಂದಿನಿಂದಲೇ ಮೇಲೆ ಬಂದಿದೆ. ಬ್ಲಾಕಿನ ಮೇಲಿನ ಅಂಚಿನಿಂದ ಬೆರಳು ಒಳಗಿಳಿಸಿ. ಕೆಲವು ಮಿಲಿಮೀಟರ್ ಕೆಳಗೆ ಉಗುರಿಗೆ ಮೆಟ್ಟಿಲಿನಂಥದ್ದು ತಾಗುತ್ತದೆ. ಅದರ ಮೇಲಿನ ಭಾಗಕ್ಕೆ ರಿಂಗು ಯಾವತ್ತೂ ಬಂದಿಲ್ಲ, ಅದು ಕಾರ್ಖಾನೆಯಿಂದ ಬಂದ ಅಳತೆಯಲ್ಲೇ ಇದೆ. ಕೆಳಗಿನದು ಸವೆದಿದೆ.

ಸವೆತ ಅಲ್ಲೇ, ಮೇಲ್ತುದಿಯಲ್ಲೇ ಹೆಚ್ಚು. ಕಾರಣ ಸೊಗಸಾಗಿದೆ. ನಿಮಿಷಕ್ಕೆ 6,000 ಸುತ್ತಿನಲ್ಲಿ ಈ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 10 ಮೀಟರ್. ನಡುವಿನಲ್ಲಿ ಅದು ಇನ್ನೂ ವೇಗವಾಗಿ ಜಾರುತ್ತದೆ. ಆ ಜಾರುವಿಕೆಯೇ ಆಯಿಲನ್ನು ರಿಂಗು ಮತ್ತು ಗೋಡೆಯ ನಡುವೆ ಎಳೆದು ತೆಳುವಾದ ಪೊರೆ ಮಾಡುತ್ತದೆ, ಲೋಹಕ್ಕೆ ಲೋಹ ತಾಗುವುದಿಲ್ಲ. ಮೇಲಿನ ತುದಿ ಮುಟ್ಟಿ ಹಿಂದಿರುಗುವಾಗ ಪಿಸ್ಟನ್ ಒಂದು ಕ್ಷಣ ನಿಲ್ಲಲೇಬೇಕು. ವೇಗ ಸೊನ್ನೆಯಾದಾಗ ಪೊರೆ ಕುಸಿಯುತ್ತದೆ. ಬೆಂಕಿ ಹೊತ್ತುವುದೂ ಅನಿಲ ರಿಂಗನ್ನು ಗೋಡೆಗೆ ಒತ್ತುವುದೂ ಅದೇ ಜಾಗದಲ್ಲಿ, ಅದೇ ಗಳಿಗೆಯಲ್ಲಿ. ಗಾಳಿಯ ಜೊತೆ ಬಂದ ಧೂಳು ಮೊದಲು ಕೂರುವುದೂ ಅಲ್ಲೇ.

ಧೂಳಿನಲ್ಲಿ ಜಾತಿಗಳಿವೆ. ಎರಿ ಮಣ್ಣಿನ ಬಹುಪಾಲು ಜೇಡಿ. ಅದರ ಗಡಸುತನ ಖನಿಜಗಳ ಹತ್ತು ಅಂಕದ ಮೋಸ್ ಅಳತೆಯಲ್ಲಿ ಎರಡರ ಆಸುಪಾಸು. ನಯವಾದ ಆ ಪುಡಿ ಇಂಜಿನ್ನನ್ನು ಕೊರೆಯುವುದಕ್ಕಿಂತ ಫಿಲ್ಟರನ್ನು ಕಟ್ಟಿಸುತ್ತದೆ. ಮಸಾರಿ ಮಣ್ಣಿನ ಸ್ವಭಾವ ಬೇರೆ. ರಾಯಚೂರು ಜಿಲ್ಲೆಯ ಅಡಿಪಾಯ ಬಹು ಪುರಾತನವಾದ ಗ್ರಾನೈಟ್ ಮತ್ತು ನೈಸ್ ಬಂಡೆ. ಅದು ಕರಗಿ ಆದ ಕೆಂಪು ಮಣ್ಣಿನಲ್ಲಿ, ಕೃಷ್ಣೆಯ ಮರಳಿನಲ್ಲಿ, ಬೆಣಚು ಕಲ್ಲಿನ ಹರಳುಗಳು ತುಂಬಿರುತ್ತವೆ. ಬೆಣಚಿನ ಗಡಸುತನ ಏಳು. ಸಿಲಿಂಡರಿನೊಳಗಿನ ಎರಕದ ಕಬ್ಬಿಣದ ಲೈನರನ್ನು ಅದು ನಿರಾಯಾಸವಾಗಿ ಗೀರುತ್ತದೆ. ದೇವದುರ್ಗ ತಾಲ್ಲೂಕಿನಲ್ಲಿ ಕೃಷ್ಣಾ ತೀರದ ಹಳ್ಳಿಗಳ ಕಡೆ ಮರಳು ಲಾರಿಯ ಹಿಂದೆ ಬೈಕ್ ಓಡಿಸುವವರು ಇದನ್ನು ನೆನಪಿಡಬೇಕು. ಮಾನ್ವಿ ಕಡೆಯ ಭತ್ತವೂ ಸಾಧುವಲ್ಲ. ಹೊಟ್ಟಿನ ತೂಕದಲ್ಲಿ ಐದನೆಯ ಒಂದು ಪಾಲಿನ ತನಕ ಸಿಲಿಕಾ ಇರುತ್ತದೆ. ರೈಸ್ ಮಿಲ್ಲಿನ ಬಾಯ್ಲರಿನಲ್ಲಿ ಹೊಟ್ಟು ಉರಿದು ಉಳಿಯುವ ಬೂದಿಯಂತೂ ಬಹುಪಾಲು ಸಿಲಿಕಾವೇ. ರಾಯಚೂರಿನ ಉತ್ತರಕ್ಕೆ ಶಕ್ತಿನಗರವಿದೆ. ಅಲ್ಲಿನ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಶುರುವಾದದ್ದು 1985ರಲ್ಲಿ.  ಅಲ್ಲಿ ಉರಿಯುವ ಕಲ್ಲಿದ್ದಲಿನ ಹಾರುಬೂದಿ ಅಂದರೆ ಸಿಲಿಕಾ ಮತ್ತು ಅಲ್ಯೂಮಿನಾಗಳ ಗಾಜಿನಂಥ ಕಣ. ಅದೂ ಉಜ್ಜುವ ವಸ್ತುವೇ.

ಯಾವ ಕಣ ಹೆಚ್ಚು ಕೇಡು ಮಾಡುತ್ತದೆ ಎಂಬುದಕ್ಕೆ ಗಾತ್ರವೂ ಮುಖ್ಯ. ದಪ್ಪ ಕಣಗಳನ್ನು ಫಿಲ್ಟರ್ ಹಿಡಿಯುತ್ತದೆ. ತೀರಾ ಸಣ್ಣವು ಆಯಿಲ್ ಪೊರೆಯೊಳಗೇ ತೇಲಿ ಹೋಗುತ್ತವೆ. ಕೆಟ್ಟವು ನಡುವಿನವು: ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಐದರಿಂದ ಇಪ್ಪತ್ತು ಭಾಗದಷ್ಟು, ಅಂದರೆ 5ರಿಂದ 20 ಮೈಕ್ರಾನ್. ಪೊರೆಯ ದಪ್ಪಕ್ಕೆ ಸರಿಸಾಟಿಯಾಗಿರುವುದರಿಂದ ಇವು ಎರಡೂ ಲೋಹಗಳಿಗೆ ಒಟ್ಟಿಗೆ ತಾಗಿ ಉಳುತ್ತವೆ. ಗಾಳಿಯಲ್ಲಿ ಬಹಳ ಹೊತ್ತು ತೇಲುವ ಧೂಳೂ ಈ ಗಾತ್ರದ್ದೇ ಆಗಿರುವುದು ನಮ್ಮ ದುರದೃಷ್ಟ.

ಹಾಗಾಗಿ ಬ್ಲಾಕ್ ಕೈಗೆ ಬಂದ ಮೇಲೆ ಕೇಳಬೇಕಾದ ಮೊದಲ ಪ್ರಶ್ನೆ ಧೂಳು ಎಲ್ಲಿಂದ ಬಂತು ಎಂಬುದು. ಹಳೆಯ ರಿಂಗುಗಳೇ ಸುಳಿವು ಕೊಡುತ್ತವೆ. ಮೇಲಿನ ರಿಂಗು ಎರಡನೆಯದಕ್ಕಿಂತ ತುಂಬಾ ಹೆಚ್ಚು ಸವೆದಿದ್ದರೆ, ಗೋಡೆಯ ಮೇಲ್ಭಾಗದಲ್ಲಿ ಉದ್ದುದ್ದ ಗೀರುಗಳಿದ್ದರೆ, ಧೂಳು ಗಾಳಿಯ ದಾರಿಯಿಂದ ಬಂದಿದೆ. ಆಗ ಫಿಲ್ಟರ್ ಡಬ್ಬಿ ತೆರೆಯಬೇಕು. ಡಬ್ಬಿಯಿಂದ ಕಾರ್ಬುರೇಟರಿಗೆ ಬರುವ ರಬ್ಬರ್ ಕೊಳವೆ ರಾಯಚೂರಿನ ಬಿಸಿಲಿಗೆ ಒಣಗಿ ಬಿರಿದಿದ್ದರೆ, ಅದರ ಕ್ಲಿಪ್ ಸಡಿಲವಾಗಿದ್ದರೆ, ಹೊಸ ಫಿಲ್ಟರ್ ಹಾಕಿಯೂ ಪ್ರಯೋಜನವಿಲ್ಲ. ಇಂಜಿನ್ನು ಸುಲಭದ ದಾರಿಯಿಂದಲೇ ಗಾಳಿ ಎಳೆಯುತ್ತದೆ. ಕೊಳವೆಯೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಹಾಕಿ ಒರೆಸಿ. ಬಟ್ಟೆಗೆ ಮಣ್ಣು ಹತ್ತಿದರೆ ಕಳ್ಳ ಸಿಕ್ಕಿದ.

“ಫಿಲ್ಟರ್ ಯಾವಾಗ ಬದ್ಲಿ ಮಾಡೀರಿ ಕಾಕಾ?” ಎಂದು ಕೇಳಿದರೆ, “ಅದನ್ನೂ ಬದ್ಲಿ ಮಾಡ್ತಾರೇನು? ಹವಾ ಹೊಡಸ್ತೀನಲ್ಲ” ಎಂಬ ಉತ್ತರ ಬರುತ್ತದೆ. ಎಣ್ಣೆ ಹೀರಿಸಿದ ಕಾಗದದ ಫಿಲ್ಟರುಗಳಿಗೆ ಕಂಪ್ರೆಸರಿನ ಗಾಳಿ ಹೊಡೆಯಬಾರದು. ಧೂಳನ್ನು ಹಿಡಿಯುವುದೇ ಆ ಎಣ್ಣೆ. ಜೋರಿನ ಗಾಳಿಗೆ ಎಣ್ಣೆ ಹಾರುತ್ತದೆ, ಕಾಗದದ ನಾರು ಹರಿಯುತ್ತದೆ, ಆಮೇಲೆ ನೋಡಲು ಶುದ್ಧವಾಗಿ ಕಾಣುವ ಆ ಫಿಲ್ಟರು ಮಣ್ಣನ್ನು ಸಲೀಸಾಗಿ ಬಿಡುತ್ತದೆ. ಡರ್ಟ್ ಬೈಕುಗಳಲ್ಲಿ ಎಣ್ಣೆ ಅದ್ದಿದ ಸ್ಪಂಜನ್ನು ಬಳಸುತ್ತಾರೆ. ಅದನ್ನು ತೊಳೆದು, ಒಣಗಿಸಿ, ಮತ್ತೆ ಎಣ್ಣೆ ಹಿಂಡಿ ಹಾಕಬಹುದು. ಬೆಂಗಳೂರಿನ ಬೈಕ್ ರೇಸರ್ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯಲ್ಲಿ ಓಡಿಸಿ ಮುಗಿಸಿದರು. ಅಂಥ ಮರಳುಗಾಡಿನ ರ‍್ಯಾಲಿಗಳಲ್ಲಿ ತಂಡದವರು ರಾತ್ರಿ ಕೂತು ಮಾಡುವ ಕೆಲಸಗಳಲ್ಲಿ ಫಿಲ್ಟರ್ ಬದಲಿಸುವುದು ತಪ್ಪದ ಒಂದು.

ಇನ್ನು ಬೋರಿನ ವಿಷಯ. ಬೋರ್ ಗೇಜಿನಿಂದ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ, ಪಿಸ್ಟನ್ ಪಿನ್ನಿನ ದಿಕ್ಕಿನಲ್ಲಿ ಒಮ್ಮೆ, ಅದಕ್ಕೆ ಅಡ್ಡಲಾಗಿ ಒಮ್ಮೆ ಅಳೆಯಬೇಕು. ಸಣ್ಣ ಬೈಕುಗಳಲ್ಲಿ ಹೊಸ ಪಿಸ್ಟನ್ ಮತ್ತು ಗೋಡೆಯ ನಡುವಿನ ಸಂದು 0.01ರಿಂದ 0.04 ಮಿ.ಮೀ. ಅದು 0.1 ಮಿ.ಮೀ. ಮುಟ್ಟಿತೆಂದರೆ ಆಯಸ್ಸು ತೀರಿತು. ಒಳ್ಳೆಯ ಇಂಜಿನ್ನಿಗೂ ಹೊಗೆಯುಗುಳುವ ಇಂಜಿನ್ನಿಗೂ ನಡುವೆ ಇರುವುದು ಇಷ್ಟೇ ಅಂತರ, ಮಿಲಿಮೀಟರಿನ ಹತ್ತನೆಯ ಒಂದು ಭಾಗದೊಳಗೆ. ಕಣ್ಣಳತೆಯಲ್ಲಿ ಇದು ಸಿಗುವುದಿಲ್ಲ.

ಸಂದು ಯಾಕೆ ಬೇಕು, ಪಿಸ್ಟನ್ನನ್ನು ಬಿಗಿಯಾಗಿಯೇ ಕೂರಿಸಬಾರದೇಕೆ? ಪಿಸ್ಟನ್ ಅಲ್ಯೂಮಿನಿಯಂ, ಲೈನರ್ ಕಬ್ಬಿಣ. ಒಂದೇ ಬಿಸಿಗೆ ಅಲ್ಯೂಮಿನಿಯಂ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 50 ಮಿ.ಮೀ. ಪಿಸ್ಟನ್ನಿನ ನೆತ್ತಿ 200 ಡಿಗ್ರಿ ಬಿಸಿಯೇರಿದರೆ 0.2 ಮಿ.ಮೀ. ದೊಡ್ಡದಾಗುತ್ತದೆ. ಅದಕ್ಕೇ ನೆತ್ತಿಯನ್ನು ಬುಡಕ್ಕಿಂತ ಚಿಕ್ಕದಾಗಿ ಕಡೆದಿರುತ್ತಾರೆ. ಬುಡವೂ ಪೂರ್ತಿ ದುಂಡಗಿರುವುದಿಲ್ಲ. ಪಿನ್ನು ಹಾಯುವ ಕಡೆ ಲೋಹ ದಪ್ಪವಾಗಿದ್ದು ಹೆಚ್ಚು ಹಿಗ್ಗುವುದರಿಂದ ಆ ದಿಕ್ಕಿನಲ್ಲಿ ಕಿರಿದಾಗಿ, ಅಂಡಾಕಾರಕ್ಕೆ ಇಟ್ಟಿರುತ್ತಾರೆ. ಬಿಸಿಯಾದಾಗಲೇ ಅದು ದುಂಡಗಾಗುವುದು. ಸಂದು ತೀರಾ ಕಡಿಮೆಯಾದರೆ ಪಿಸ್ಟನ್ ಹಿಗ್ಗಿ ಕಚ್ಚಿಕೊಳ್ಳುತ್ತದೆ, ಇಂಜಿನ್ ಸೀಜ್ ಆಗುತ್ತದೆ. ಇದರ ಮೇಲೆ ನಮ್ಮ ಬೇಸಗೆ. ಗಾಳಿಯಿಂದ ತಂಪಾಗುವ ಬ್ಲಾಕಿನ ರೆಕ್ಕೆಗಳು 150 ಡಿಗ್ರಿಯಲ್ಲಿವೆ ಎಂದುಕೊಳ್ಳಿ. 30 ಡಿಗ್ರಿಯ ಗಾಳಿಗೂ ಅದಕ್ಕೂ 120 ಡಿಗ್ರಿ ಅಂತರ. ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿಯ ಗಾಳಿಗಾದರೆ 108. ಬಿಸಿ ಹೊರಹೋಗುವ ಪ್ರಮಾಣ ನೂರಕ್ಕೆ ಹತ್ತರಷ್ಟು ಕುಸಿಯಿತು. ಬೋರ್ ಮಾಡಿಸಿದ ಹೊಸದರಲ್ಲಿ ಮಟಮಟ ಮಧ್ಯಾಹ್ನ ಮೂವರನ್ನು ಕೂರಿಸಿಕೊಂಡು ಹೋಗುವುದು ಯಾಕೆ ಕೆಟ್ಟದ್ದೆಂದು ಇದರಿಂದ ತಿಳಿಯುತ್ತದೆ.

ಸವೆದ ಗೋಡೆಗೆ ಲೋಹ ಸೇರಿಸಲಾಗದು, ಇನ್ನಷ್ಟು ಕೊರೆದು ಮತ್ತೆ ದುಂಡಗೆ ಮಾಡಬಹುದು. ಅದಕ್ಕೆಂದೇ 0.25, 0.50, 0.75, 1.00 ಮಿ.ಮೀ. ದೊಡ್ಡ ಸೈಜಿನ ಪಿಸ್ಟನ್ನುಗಳು ಸಿಗುತ್ತವೆ. ಇಲ್ಲಿ ಕ್ರಮ ಮುಖ್ಯ: ಮೊದಲು ಪಿಸ್ಟನ್ ಕೊಳ್ಳಬೇಕು, ಅದನ್ನು ಮೈಕ್ರೋಮೀಟರಿನಿಂದ ಅಳೆಯಬೇಕು, ಆ ಪಿಸ್ಟನ್ನಿಗೆ ತಕ್ಕ ಸಂದು ಸೇರಿಸಿ ಬ್ಲಾಕ್ ಕೊರೆಯಬೇಕು. ಬೋರ್ ಮಾಡಿಸಿದರೆ ಸಿ.ಸಿ. ಹೆಚ್ಚಿ ಗಾಡಿ ಜೋರಾಗುತ್ತದೆ ಎನ್ನುವವರಿದ್ದಾರೆ. 0.25 ಮಿ.ಮೀ. ದೊಡ್ಡದು ಮಾಡಿದರೆ 97.2 ಇದ್ದದ್ದು 98.2 ಆಗುತ್ತದೆ, ಅಷ್ಟೆ. ಜೋರು ಬಂದಂತೆ ಅನ್ನಿಸುವುದು ಸೋರಿಕೆ ನಿಂತದ್ದರಿಂದ.

ಕೊರೆದ ಮೇಲೆ ಹೋನಿಂಗ್. ಸಾಣೆಕಲ್ಲುಗಳು ತಿರುಗುತ್ತ ಮೇಲೆ ಕೆಳಗೆ ಓಡಾಡಿ ಗೋಡೆಯ ಮೇಲೆ ಓರೆಓರೆಯಾದ, ಒಂದನ್ನೊಂದು ಕತ್ತರಿಸುವ ಸಣ್ಣ ಗೆರೆಗಳನ್ನು ಎಳೆಯುತ್ತವೆ. ಗಾಜಿನಂತೆ ನುಣ್ಣಗಿರುವ ಗೋಡೆ ಆಯಿಲನ್ನು ಹಿಡಿದುಕೊಳ್ಳುವುದಿಲ್ಲ. ಈ ಗೆರೆಗಳ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ, ಏರುಗಳು ಹೊಸ ರಿಂಗನ್ನು ಉಜ್ಜಿ ಗೋಡೆಗೆ ಹೊಂದಿಸುತ್ತವೆ.

ಇದರ ಮುಂದಿನ ಕೆಲಸವನ್ನೇ ಬಹಳ ಕಡೆ ಅರ್ಧಕ್ಕೆ ಬಿಡುತ್ತಾರೆ: ಬ್ಲಾಕ್ ತೊಳೆಯುವುದು. ಹೋನಿಂಗಿನ ಕಲ್ಲಿನಿಂದ ಉದುರಿದ ಪುಡಿ ಸಾಮಾನ್ಯವಾಗಿ ಸಿಲಿಕಾನ್ ಕಾರ್ಬೈಡ್, ಬೆಣಚಿಗಿಂತಲೂ ಗಟ್ಟಿ. ಅದು ಕಬ್ಬಿಣದ ಪುಡಿಯ ಜೊತೆ ಆ ಗೆರೆಗಳ ತಗ್ಗಿನಲ್ಲಿ ಹುದುಗಿರುತ್ತದೆ. ಪೆಟ್ರೋಲಿನಲ್ಲಿ ಅಥವಾ ಸೀಮೆಎಣ್ಣೆಯಲ್ಲಿ ಅದ್ದಿದರೆ ಜಿಡ್ಡು ಹೋಗುತ್ತದೆ, ಪುಡಿ ಅಲ್ಲೇ ಇಳಿದು ಕೂರುತ್ತದೆ. ಪುಡಿಯನ್ನು ಎತ್ತಿ ಹೊರತರಲು ಬಿಸಿ ನೀರು, ಸೋಪು, ಬ್ರಷ್ಷು ಬೇಕು. ನೊರೆ ಬೂದು ಬಣ್ಣಕ್ಕೆ ತಿರುಗುತ್ತದೆ. ಅದು ಬೆಳ್ಳಗಾಗುವ ತನಕ ಉಜ್ಜಬೇಕು. ಆಮೇಲೆ ಬಟ್ಟೆಯಿಂದ ಒರೆಸಿ, ಒಣಗಿದ ಕೂಡಲೇ ಆಯಿಲ್ ಸವರಬೇಕು, ತಡಮಾಡಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಆಯಿಲ್ ಹಚ್ಚಿದ ಬಿಳಿ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಬಟ್ಟೆ ಕಪ್ಪಾದರೆ ಮತ್ತೆ ಸೋಪು. ಈ ಅರ್ಧ ಗಂಟೆ ಉಳಿಸಲು ಹೋದರೆ, ರಸ್ತೆಯ ಧೂಳು ವರ್ಷಗಟ್ಟಲೆ ಮಾಡುವ ಹಾನಿಯನ್ನು ಲೇತಿನ ಧೂಳು ಕೆಲವೇ ದಿನಗಳಲ್ಲಿ ಮಾಡುತ್ತದೆ. “ಬೋರ್ ಮಾಡ್ಸಿದ್ ಮ್ಯಾಲೆ ಗಾಡಿ ತಾಳಂಗಿಲ್ರಿ” ಎಂಬ ಮಾತಿನ ಬೇರು ಎಷ್ಟೋ ಸಲ ಈ ತೊಳೆಯದ ಬ್ಲಾಕಿನಲ್ಲಿರುತ್ತದೆ.

ವಿದೇಶಿ ಡರ್ಟ್ ಬೈಕುಗಳಲ್ಲಿ, ಈಚಿನ ಕೆಲವು ಬೈಕುಗಳಲ್ಲಿ, ಕಬ್ಬಿಣದ ಲೈನರೇ ಇರುವುದಿಲ್ಲ. ಅಲ್ಯೂಮಿನಿಯಂ ಗೋಡೆಗೆ ನಿಕ್ಕಲ್ಲಿನಲ್ಲಿ ಸಿಲಿಕಾನ್ ಕಾರ್ಬೈಡ್ ಕಣಗಳನ್ನು ಬೆರೆಸಿದ ಲೇಪನ ಕೊಟ್ಟಿರುತ್ತಾರೆ. ಜರ್ಮನಿಯ ಮಾಲೆ ಕಂಪನಿ 1967ರಲ್ಲಿ ತಂದ ನಿಕಾಸಿಲ್ ಇದರ ಮೂಲ. ಬೇಗ ಸವೆಯದು, ಬಿಸಿಯನ್ನೂ ಚೆನ್ನಾಗಿ ಬಿಡುತ್ತದೆ. ಆದರೆ ಅಂಥ ಬ್ಲಾಕನ್ನು ಲೇತಿಗೆ ಹಾಕಿ ಕೊರೆಯುವಂತಿಲ್ಲ. ಕೊರೆದರೆ ಲೇಪನವೇ ಹೋಗುತ್ತದೆ. ಮತ್ತೆ ಲೇಪಿಸಬೇಕು, ಇಲ್ಲವೇ ಹೊಸ ಬ್ಲಾಕ್ ತರಬೇಕು. ನಿಮ್ಮ ಬೈಕಿನದು ಯಾವ ಬಗೆಯದೆಂದು ಕೇಳಿ ತಿಳಿಯದೆ ಬೋರಿಗೆ ಒಪ್ಪಬೇಡಿ.

ಹೆಡ್ಡಿನಲ್ಲಿ ಕಷ್ಟಪಡುವುದು ಹೊಗೆ ಬಿಡುವ ವಾಲ್ವು. ಅದರ ತಲೆ ಕೆಂಪಗೆ ಕಾಯುತ್ತದೆ, 700 ಡಿಗ್ರಿ ದಾಟುತ್ತದೆ. ಆ ಬಿಸಿಯ ಬಹುಪಾಲು ಹೊರಹೋಗುವುದು ವಾಲ್ವು ಮುಚ್ಚಿ ಸೀಟಿಗೆ ತಾಗಿರುವ ಹೊತ್ತಿನಲ್ಲಿ. ಟ್ಯಾಪೆಟ್ ಸಂದು ಇಲ್ಲದಷ್ಟು ಬಿಗಿಯಾಗಿದ್ದರೆ ವಾಲ್ವು ಪೂರ್ತಿ ಮುಚ್ಚುವುದಿಲ್ಲ, ಬಿಸಿ ಇಳಿಯದೆ ಅಂಚು ಸುಟ್ಟುಹೋಗುತ್ತದೆ. ಟ್ಯಾಪೆಟ್ ಟಿಕ್ ಟಿಕ್ ಅನ್ನುತ್ತದೆಂದು ಪೂರ್ತಿ ಬಿಗಿ ಮಾಡಿಸಿಕೊಳ್ಳುವವರು ಸದ್ದಿನ ಬದಲು ವಾಲ್ವನ್ನೇ ಕಳೆದುಕೊಳ್ಳುತ್ತಾರೆ. ಗ್ರೈಂಡಿಂಗ್ ಪೇಸ್ಟ್ ಹಚ್ಚಿ ವಾಲ್ವನ್ನು ಸೀಟಿನ ಮೇಲೆ ತಿರುಗಿಸುತ್ತ ಉಜ್ಜಿದರೆ ಎರಡರ ಮೇಲೂ ಸಮನಾದ ಬೂದು ಬಳೆ ಮೂಡುತ್ತದೆ. ಪೇಸ್ಟನ್ನು ಒಂದು ಕಣವೂ ಉಳಿಯದಂತೆ ತೊಳೆದು, ವಾಲ್ವು ಜೋಡಿಸಿ, ಪೋರ್ಟಿನೊಳಗೆ ಪೆಟ್ರೋಲ್ ಸುರಿದು ಸ್ವಲ್ಪ ಹೊತ್ತು ಬಿಡಬೇಕು. ಇನ್ನೊಂದು ಕಡೆ ತೇವ ಕಾಣದಿದ್ದರೆ ಸರಿ. ವಾಲ್ವ್ ಸೀಲುಗಳನ್ನು ಹೊಸದೇ ಹಾಕಬೇಕು.

ಜೋಡಿಸುವಾಗ ಕ್ರ್ಯಾಂಕಿನ ಬಾಯಿಗೆ ಶುದ್ಧ ಬಟ್ಟೆ ತುರುಕಿರಲಿ, ಪಿಸ್ಟನ್ ಪಿನ್ನಿನ ಲಾಕ್ ಒಳಗೆ ಬಿದ್ದರೆ ಇಡೀ ಇಂಜಿನ್ ಬಿಚ್ಚಬೇಕಾದೀತು. ರಿಂಗಿನ ಮೇಲಿನ ಗುರುತು ಮೇಲ್ಮುಖವಾಗಿ, ಸೀಳುಗಳು ಒಂದರ ಕೆಳಗೊಂದು ಬರದಂತೆ, ಪಿಸ್ಟನ್ನಿನ ಗುರುತು ಹೇಳಿದ ದಿಕ್ಕಿಗೆ, ಪ್ಯಾಕಿಂಗ್ ಹೊಸದು. ಟೈಮಿಂಗ್ ತಪ್ಪಬಾರದು. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಕ್ಯಾಮ್ ಚಕ್ರಕ್ಕೆ ಮೂವತ್ತು ಹಲ್ಲಿದೆ ಎಂದುಕೊಂಡರೆ ಒಂದೇ ಹಲ್ಲು ಆಚೀಚೆಯಾದರೂ ಕ್ರ್ಯಾಂಕಿನ ಲೆಕ್ಕದಲ್ಲಿ 24 ಡಿಗ್ರಿ ತಪ್ಪುತ್ತದೆ. ವಾಲ್ವು ತೆರೆಯುವ ಹೊತ್ತೇ ಏರುಪೇರು. ನಟ್ಟುಗಳನ್ನು ಬಿಚ್ಚಿದಂತೆಯೇ ಎದುರುಬದುರಾಗಿ, ಟಾರ್ಕ್ ರೆಂಚಿನಲ್ಲಿ.

ಹೊಸ ರಿಂಗು ಗೋಡೆಗೆ ಹೊಂದುವುದು ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಗಂಟೆಗಟ್ಟಲೆ ಸುಮ್ಮನೆ ಓಡಿಸುವ ರೂಢಿ ಕೆಲವರಲ್ಲಿದೆ. ಅದರಿಂದ ಉಪಯೋಗವಿಲ್ಲ. ರಿಂಗನ್ನು ಒತ್ತುವುದು ಅನಿಲವೆಂದು ಆಗಲೇ ನೋಡಿದೆವಲ್ಲ. ಐಡಲಿನಲ್ಲಿ ಆ ಒತ್ತು ಬಹಳ ಕಡಿಮೆ. ಬೆಳಗಿನ ತಂಪಿನಲ್ಲಿ, ಒಬ್ಬರೇ ಕುಳಿತು, ಹದವಾದ ವೇಗದಲ್ಲಿ, ಎಕ್ಸಿಲೇಟರನ್ನು ಕೊಡುತ್ತ ಬಿಡುತ್ತ ಓಡಿಸಿ. 500 ಕಿಲೋಮೀಟರಿನ ಆಸುಪಾಸಿನಲ್ಲಿ ಆಯಿಲ್ ಬದಲಿಸಿ. ತೆಗೆದ ಆಯಿಲನ್ನು ಬಿಸಿಲಿಗೆ ಹಿಡಿದರೆ ಮಿನುಗುವ ಪುಡಿ ಕಾಣುತ್ತದೆ, ಅದು ಗೋಡೆಯ ಏರುಗಳಿಂದ ಬಂದ ಲೋಹ.

ಈ ಕೆಲಸಕ್ಕೆ ಕೊಡುವ ಹಣ ಕೂಲಿ ಮಾಡುವವರಿಗೂ ಸಣ್ಣ ಹಿಡುವಳಿಯ ರೈತರಿಗೂ ಸಣ್ಣದಲ್ಲ. ಆದ್ದರಿಂದ ಗ್ಯಾರೇಜಿಗೆ ಹೋದಾಗ ಸಂಕೋಚ ಬಿಟ್ಟು ಕೇಳಿ: ಬಿಚ್ಚುವ ಮೊದಲು ಕಂಪ್ರೆಶನ್ ಎಷ್ಟಿತ್ತು, ಬೋರಿನ ಅಳತೆ ಎಷ್ಟು ಬಂತು, ಬ್ಲಾಕನ್ನು ಸೋಪಿನಲ್ಲಿ ತೊಳೆದಿರಾ. ಹಳೆಯ ಪಿಸ್ಟನ್ನನ್ನೂ ರಿಂಗುಗಳನ್ನೂ ಮನೆಗೆ ತನ್ನಿ. ನೆಲ್ಲಿನ ಕಟಾವು ಮುಗಿದ ವಾರವೇ ಏರ್ ಫಿಲ್ಟರ್ ತೆಗೆದು ನೋಡಿ, ಬದಲಿಸುವಂತಿದ್ದರೆ ಬದಲಿಸಿ, ಅದರ ಹಿಂದಿನ ರಬ್ಬರ್ ಕೊಳವೆಯ ಬಿರುಕನ್ನೂ ನೋಡಿ. ಬೋರಿನ ಖರ್ಚಿನ ಮುಂದೆ ಫಿಲ್ಟರಿನ ಬೆಲೆ ಏನೇನೂ ಅಲ್ಲ.